ದೂರದ ಜೊತೆಗಾರ

ಸವದತ್ತಿಯ ಎಲ್ಲಮ್ಮನ ಗುಡ್ಡದ ಚೌಡಿಕೆ ಮೇಳದಲ್ಲಿ ಚೌಡಿಕೆ, ಶ್ರುತಿ, ತಾಳಗಳು ಒತ್ತಿನಲ್ಲಿಯೇ ನಿಂತು, ಒಬ್ಬರ ಉಸಿರನ್ನು ಇನ್ನೊಬ್ಬರು ಅರಿತು ನಡೆಯುತ್ತವೆ. ಅದೇ ಸೀಮೆಯ ಚಚಡಿಯಲ್ಲಿ ಗಾಯಕನೊಬ್ಬನು ಕುಳಿತು, ಲಂಡನ್ನಿನಲ್ಲಿ ನೆಲಸಿದ ತಬಲಾವಾದಕನೊಡನೆ ಅಂತರ್ಜಾಲದ ಮೂಲಕ ಅಭ್ಯಾಸಕ್ಕೆ ತೊಡಗಿದನೆನ್ನೋಣ. ಅಲ್ಲಿ ಜೊತೆಗಾರಿಕೆಯ ಧರ್ಮವಾವುದು?

ನಡುವಣ ದಾರಿ 7,000 ಕಿಲೋಮೀಟರಿಗೂ ಮಿಗಿಲು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರು ಓಡುವುದಾದರೂ, ಸ್ವರವೊಂದು ಅತ್ತ ಮುಟ್ಟಲು 35 ಮಿಲಿಸೆಕೆಂಡಾದರೂ ಬೇಕು. ಅಷ್ಟರಲ್ಲಿ ನಾದವು ಗಾಳಿಯಲ್ಲಿ ಸುಮಾರು 12 ಮೀಟರು ಸಾಗುವುದು. ಎಂದರೆ, ಇಬ್ಬರೂ ದೊಡ್ಡದೊಂದು ಅಂಗಳದ ಎರಡು ತುದಿಗಳಲ್ಲಿ ಕುಳಿತಂತೆ. ಯಂತ್ರಗಳ ವಿಳಂಬವೂ ಕೂಡಿದರೆ ಅಂಗಳವು ಹೊಲವಾಗುತ್ತದೆ.

ಆಗ ಗಾಯಕನು ತಬಲೆಗಾಗಿ ಕಾಯುವನು, ತಬಲೆಯವನು ಗಾನಕ್ಕಾಗಿ ಕಾಯುವನು; ಲಯವು ಕುಗ್ಗುತ್ತ ಹೋಗುವುದು. ಸೌಜನ್ಯವೇ ಇಲ್ಲಿ ದೋಷವಾಗುತ್ತದೆ. ಹಾಗೆಂದು ಇಬ್ಬರೂ ಕಿವಿ ಮುಚ್ಚಿಕೊಂಡು ತಮ್ಮ ಪಾಡಿಗೆ ನಡೆದರೆ ಅದು ಜೊತೆಯೇ ಅಲ್ಲ. ಒಬ್ಬನು ಲಯವನ್ನು ಹೊರಬೇಕು, ಇನ್ನೊಬ್ಬನು ಅನುಸರಿಸಬೇಕು. ತಬಲೆಯವನು ಕಾಯದೆ ಠೇಕಾ ಹಿಡಿದು ನಡೆದರೆ ಗಾಯಕನಿಗೆ ಸಂಗೀತವೆಲ್ಲ ಕೂಡಿ ಕೇಳಿಸುವುದು. ತಬಲೆಯವನಿಗಾದರೋ ಗಾನವು ಪ್ರತಿ ಆವರ್ತನದಲ್ಲಿಯೂ ಹಿಂದೆ ಬೀಳುವುದು. ಆ ತಡವು ಜೊತೆಗಾರನ ತಪ್ಪಲ್ಲ, ದಾರಿಯದೆಂದು ನಂಬಿ ಅವನು ಕೈ ತಡೆಯದೆ ನುಡಿಸಬೇಕು.

ಹೀಗೆ ಒಬ್ಬನ ಸುಖವು ಇನ್ನೊಬ್ಬನ ಸಹನೆಯ ಮೇಲೆ ನಿಂತಿದೆ. ಆದುದರಿಂದ ಹೊರೆಯನ್ನು ಸರದಿಯ ಮೇಲೆ ಹೊರುವುದೇ ನ್ಯಾಯ. ತನಗೆ ಒಡೆದು ಕೇಳಿಸುವುದು ಇನ್ನೊಬ್ಬನಿಗೆ ಕೂಡಿ ಕೇಳಿಸಲೆಂದು ಒಪ್ಪುವವನೇ ದೂರದಲ್ಲಿದ್ದೂ ಜೊತೆಗಾರನು.