‘ಬಿಲ್ಡಿಂಗ್’ ಎಂಬ ಶಬ್ದವೂ ಕಟ್ಟುವವರ ಋಣವೂ

ಊರಿಗಾಮಿನ ಬೀದಿಗಳಲ್ಲಿ ದಿನವೂ ಕಿವಿಗೆ ಬೀಳುವ ಮಾತುಗಳಲ್ಲಿ ‘ಬಿಲ್ಡಿಂಗ್’ ಎಂಬುದೂ ಒಂದು. ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಎರಡು ಅರ್ಥಗಳುಂಟು. ಕಟ್ಟುವ ಕ್ರಿಯೆಯೂ ಬಿಲ್ಡಿಂಗೇ. ಕಟ್ಟಿ ಮುಗಿದ ವಸ್ತುವೂ ಬಿಲ್ಡಿಂಗೇ. ನಾವಾದರೋ ಅದನ್ನು ಎರವು ತರುವಾಗ ವಸ್ತುವನ್ನು ಮಾತ್ರ ತಂದು, ಕ್ರಿಯೆಯನ್ನು ಅಲ್ಲಿಯೇ ಬಿಟ್ಟುಬಂದೆವು. ಇದು ವ್ಯಾಕರಣದ ವಿಷಯವೆಂದು ನಾನು ಬಹುಕಾಲ ಎಣಿಸಿದ್ದೆನು. ಈಗ ಧರ್ಮದ ವಿಷಯವೂ ಹೌದೆಂದು ತೋರುತ್ತಿದೆ.

ಕಳೆದ ಮಳೆಗಾಲದಲ್ಲಿ ಹಳೆಯ ಶಿಷ್ಯನೊಬ್ಬನ ಮನೆಗೆ ಹೋಗಿದ್ದೆನು. ಗಣಿಯ ಕೂಲಿಗಾರರಿಗೆಂದು ಎದ್ದ ಸಾಲುಮನೆ; ಸೂರು ಸೋರುತ್ತಿದ್ದಿತು. ಅವನ ತಂದೆಯು ಚಾಂಪಿಯನ್ ರೀಫ್ ಗಣಿಯೊಳಗೆ ಕಲ್ಲುಗೋಡೆ ಕಟ್ಟುತ್ತಿದ್ದವರು. ಅದಿರನ್ನು ತೆಗೆದ ಪೊಳ್ಳಿನಲ್ಲಿ ಮೇಲಿನ ಬಂಡೆ ಕುಸಿಯದಂತೆ ಗ್ರಾನೈಟ್ ಗೋಡೆಗಳನ್ನೆತ್ತುವ ಪದ್ಧತಿ ಇಲ್ಲಿದ್ದಿತು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಬಳಿಕ ಒಳಗೆಲ್ಲ ನೀರು ತುಂಬಿತು. ಶಿಷ್ಯನು ಕೇಳಿದನು: “ಮೇಷ್ಟ್ರೇ, ನಮ್ಮಪ್ಪ ಕಟ್ಟಿದ ಗೋಡೆ ನೀರಿನಡಿಯಲ್ಲಿದೆ. ನಾನಿರುವ ಮನೆಗೆ ಪತ್ರವಿಲ್ಲ. ಹಾಗಾದರೆ ನಮ್ಮಪ್ಪ ಕಟ್ಟಿದ್ದೇನು?”

ಆ ದಿನ ನನಗೆ ಉತ್ತರ ತೋಚಲಿಲ್ಲ. ಮನೆಗೆ ಬಂದು ಶಬ್ದಗಳನ್ನೇ ಆಶ್ರಯಿಸಿದೆನು.

ವಾಸಸ್ಥಾನವೆಂಬ ಅರ್ಥದ ಪ್ರಾಚೀನ ಇಂಗ್ಲಿಷ್ ಶಬ್ದದಿಂದ ‘ಬಿಲ್ಡ್’ ಹುಟ್ಟಿತೆಂದೂ, ಅದಕ್ಕೂ ನಮ್ಮ ‘ಭೂ’ ಧಾತುವಿಗೂ ನಂಟುಂಟೆಂದೂ ಭಾಷಾಶಾಸ್ತ್ರಜ್ಞರು ಹೇಳುವರು. ‘ಭವನ’ವು ಅದೇ ಧಾತುವಿನ ಸಂತಾನ: ಇರುವುದಕ್ಕಾಗಿ ಆದದ್ದು. ‘ನಿರ್ಮಾಣ’ದೊಳಗಿನ ‘ಮಾ’ ಧಾತುವಿಗೆ ಅಳೆಯುವುದೆಂದು ಅರ್ಥ. ಕನ್ನಡದ ‘ಕಟ್ಟು’ ಮಾತ್ರ ಬೇರೆ ಜಾತಿಯದು. ಹಸುವನ್ನು ಕಟ್ಟುತ್ತೇವೆ, ತಾಳಿ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ. ಕೆರೆಯನ್ನೂ ಮನೆಯನ್ನೂ ಅದೇ ಮಾತಿನಿಂದ ಕಟ್ಟುತ್ತೇವೆ. ಕಂದಾಯವನ್ನು ಕಟ್ಟುವುದೂ ಆ ಮಾತಿನಿಂದಲೇ. ಬಿಗಿಯುವುದು, ಎಬ್ಬಿಸುವುದು, ಸಲ್ಲಿಸಬೇಕಾದುದನ್ನು ಸಲ್ಲಿಸುವುದು, ಈ ಮೂರೂ ಕನ್ನಡಿಗನ ನಾಲಗೆಯಲ್ಲಿ ಒಂದೇ ಆಗಿವೆ. ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯದು, ಕಟ್ಟು ಉಳಿಯುವುದು.

‘ಕೂಲಿ ಕೊಟ್ಟಾಯಿತು, ಋಣ ಹರಿಯಿತು’ ಎಂದು ಕೆಲವರು ಹೇಳಬಹುದು. ಬೆವರಿಗೆ ಕೂಲಿಯುಂಟು, ಒಪ್ಪಿದೆನು. ಆದರೆ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದು ಬಂದುದು ಈ ಗಣಿಗಳಿಗಾಗಿ. ಬೆಂಗಳೂರಿನ ಬೀದಿಗಳು ಬೆಳಗಿದುದು ಅನಂತರ, 1905ರಲ್ಲಿ. ಇಲ್ಲಿನ ಚಿನ್ನದಿಂದ ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ರಾಜಧನವೂ ಸೇರಿತು. ಆ ಬೆಳಕಿನಲ್ಲಿ ಓದಿದವರು, ಆ ಧನದಿಂದ ಎದ್ದ ಶಾಲೆ ರಸ್ತೆಗಳನ್ನು ಬಳಸಿದವರು ಯಾವ ಕೂಲಿಯನ್ನು ಕೊಟ್ಟರು? ಭೂಗರ್ಭದ ಆ ಗೋಡೆಗಳು ನಮ್ಮನ್ನೂ ಕಟ್ಟಿವೆಯೆಂದು ನಾನು ತಿಳಿಯುವೆನು.

ಮೊನ್ನೆ ಶಿಷ್ಯನಿಗೆ ಹೇಳಿದೆನು: “ನಿಮ್ಮಪ್ಪ ಕಟ್ಟಿದ್ದು ಗೋಡೆಯೊಂದನ್ನೇ ಅಲ್ಲಪ್ಪ. ಆ ಗೋಡೆಯ ಮರೆಯಲ್ಲಿ ದುಡಿದು ಸಂಜೆ ಜೀವಂತವಾಗಿ ಮೇಲೆ ಬಂದವರ ಮನೆಗಳನ್ನೂ ಕಟ್ಟಿದರು. ಅದು ನೀರಿನಲ್ಲಿ ಮುಳುಗುವುದಲ್ಲ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ ಮೇಷ್ಟ್ರೇ, ಸೂರು?” ಎಂದನು.

ಆ ಪ್ರಶ್ನೆಗೆ ಶಬ್ದಕೋಶದಲ್ಲಿ ಉತ್ತರವಿಲ್ಲ. ಅದನ್ನು ನಾವೆಲ್ಲರೂ ಸೇರಿ ಕಟ್ಟಿಕೊಡಬೇಕಾಗಿದೆ.