ಮರದ ದಪ್ಪ, ಹಡಗಿನ ಗುರುತು

ಬಿಸಿಲು ಮಳೆಗೆ ಮೈಯೊಡ್ಡಿದ ತೇಗದ ಹಲಗೆ ಕೆಲವೇ ತಿಂಗಳುಗಳಲ್ಲಿ ತನ್ನ ಜೇನುಬಣ್ಣ ಕಳೆದುಕೊಂಡು ಬೂದುಬಣ್ಣಕ್ಕೆ ತಿರುಗುತ್ತದೆ. ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಲಿಗ್ನಿನ್ ಸೂರ್ಯನ ನೇರಳಾತೀತ ಕಿರಣಗಳಿಗೆ ಸಿಕ್ಕು ಒಡೆಯುತ್ತದೆ. ಒಡೆದದ್ದನ್ನು ಮಳೆ ತೊಳೆದೊಯ್ಯುತ್ತದೆ. ಮೇಲೆ ಉಳಿಯುವುದು ಬಿಳಿಚಿದ ನಾರು. ಹಳೆಯ ಹಾಯಿದೋಣಿಯ ಕೈಕಂಬಿಯನ್ನೋ ಬಾಗಿಲ ಚೌಕಟ್ಟನ್ನೋ ಮತ್ತೆ ಚೆಂದಗೊಳಿಸಲು ಹೊರಟವರು ಈ ಬೂದುಪದರವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯುತ್ತಾರೆ, ಹೋಗದ ಕಲೆಗೆ ಆಕ್ಸಾಲಿಕ್ ಆಮ್ಲ ಹಚ್ಚಿ ತೊಳೆಯುತ್ತಾರೆ, ಒಣಗಿದ ಮೇಲೆ ಆರೆಂಟು ಕೈ ವಾರ್ನಿಶ್ ಬಳಿಯುತ್ತಾರೆ. ಜೇನುಬಣ್ಣ ಮತ್ತೆ ಕಾಣಿಸಿಕೊಂಡಾಗ ದೋಣಿ ಮೊದಲಿನ ಹಾಗಾಯಿತು ಎನ್ನುವುದು ವಾಡಿಕೆ. ಈ ಮಾತು ನಿಜವಲ್ಲ ಎಂದು ನಾನು ವಾದಿಸುತ್ತೇನೆ. ಉಜ್ಜಿದಾಗ ಹೊರಬಂದದ್ದು ಹಳೆಯ ಮೈಯಲ್ಲ, ಅಲ್ಲಿಯವರೆಗೆ ಬೆಳಕನ್ನೇ ಕಾಣದೆ ಒಳಗಿದ್ದ ಮರ. ಕಟ್ಟಿದವನ ಕೈ ಸವರಿದ್ದ ಮೈ ಪುಡಿಯಾಗಿ ನೆಲಕ್ಕೆ ಬಿದ್ದಿದೆ. ಹಾಗಾದರೆ ಇಷ್ಟು ಶ್ರಮಪಟ್ಟು ಉಳಿಸಿಕೊಂಡದ್ದು ಏನನ್ನು? ಹಳೆಯ ವಸ್ತುವೊಂದನ್ನು ಕಾಪಾಡುವ ಹೊಣೆ ಹೊತ್ತವರು ನಿಜವಾಗಿ ಯಾವುದಕ್ಕೆ ಋಣಿಗಳು?

ಪಾಶ್ಚಾತ್ಯ ತತ್ತ್ವಶಾಸ್ತ್ರ ಈ ಪ್ರಶ್ನೆಯನ್ನು ಗ್ರೀಕ್ ಪುರಾಣವೀರ ಥೀಸಿಯಸ್‌ನ ಹಡಗಿನ ಹೆಸರಿನಲ್ಲಿ ಬಲ್ಲದು. ಅಥೆನ್ಸಿನವರು ಆ ಹಡಗಿನ ಕೊಳೆತ ಹಲಗೆಗಳನ್ನು ತೆಗೆದು ಹೊಸ ಹಲಗೆ ಜೋಡಿಸುತ್ತ ಬಂದರೆಂದೂ, ಅದು ಅದೇ ಹಡಗೋ ಅಲ್ಲವೋ ಎಂದು ದಾರ್ಶನಿಕರು ಜಗಳವಾಡಿದರೆಂದೂ ಪ್ಲುಟಾರ್ಕ್ ಬರೆದ. ತೆಗೆದ ಹಲಗೆಗಳನ್ನೆಲ್ಲ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ಎರಡರಲ್ಲಿ ಯಾವುದು ಮೂಲದ್ದು ಎಂದು 17ನೇ ಶತಮಾನದಲ್ಲಿ ಇಂಗ್ಲಿಷ್ ದಾರ್ಶನಿಕ ಹಾಬ್ಸ್ ತೊಡಕನ್ನು ಇನ್ನಷ್ಟು ಬಿಗಿಗೊಳಿಸಿದ. ಚತುರವಾದ ಸಮಸ್ಯೆಯೇ ಸರಿ. ಆದರೆ ಮರದ ಕೆಲಸ ಬಲ್ಲವರಿಗೆ ಅದರಲ್ಲೊಂದು ಕೊರತೆ ತಟ್ಟನೆ ಕಾಣುತ್ತದೆ. ಹಲಗೆ ಇಡಿಯಾಗಿ ಇರುತ್ತದೆ, ಇಲ್ಲವೇ ಇಡಿಯಾಗಿ ಹೋಗುತ್ತದೆ ಎಂದು ಅದು ಭಾವಿಸುತ್ತದೆ. ನಿಜದ ದೋಣಿ ಹಾಗೆ ಬದಲಾಗುವುದಿಲ್ಲ. ಪ್ರತಿ ಸಲ ಉಜ್ಜಿದಾಗಲೂ ಅದರಿಂದ ಕೂದಲೆಳೆಯಷ್ಟು ಮರ ಹೋಗುತ್ತದೆ, ಹೋದದ್ದನ್ನು ಹಾಬ್ಸ್‌ನ ಹಾಗೆ ಯಾರೂ ಕೂಡಿಡಲಾರರು. ಹಲಗೆಯ ವಿನಿಮಯಕ್ಕಿಂತ ಈ ಸವೆತವೇ ನನಗೆ ಗಂಭೀರ ಪ್ರಶ್ನೆಯಾಗಿ ಕಾಣುತ್ತದೆ. ವಿನಿಮಯವನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡಬಹುದು. ಸವೆತ ಕಾಪಾಡುವ ಹೆಸರಿನಲ್ಲಿಯೇ ನಡೆಯುತ್ತದೆ.

ನಮ್ಮ ದರ್ಶನಗಳಲ್ಲಿ ಇದಕ್ಕೆ ಹತ್ತಿರದ ಉತ್ತರ ಜೈನರದು. ಹುಟ್ಟು, ಅಳಿವು, ನೆಲೆ ಈ ಮೂರೂ ಒಟ್ಟಿಗೆ ಇದ್ದರೆ ಮಾತ್ರ ಒಂದು ವಸ್ತು ಸತ್ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಸಮಂತಭದ್ರರ ಆಪ್ತಮೀಮಾಂಸೆಯಲ್ಲಿ ಇದಕ್ಕೊಂದು ಉದಾಹರಣೆಯಿದೆ: ಚಿನ್ನದ ಕೊಡವನ್ನು ಒಡೆದು ಕಿರೀಟ ಮಾಡಿದರೆ ಕೊಡ ಬೇಕೆಂದವನಿಗೆ ದುಃಖ, ಕಿರೀಟ ಬೇಕೆಂದವನಿಗೆ ಸಂತೋಷ, ಚಿನ್ನ ಬೇಕೆಂದವನಿಗೆ ಎರಡೂ ಇಲ್ಲ. ಬದಲಾವಣೆಯನ್ನೂ ಸ್ಥಿರತೆಯನ್ನೂ ಒಂದೇ ವಸ್ತುವಿನಲ್ಲಿ ತೋರಿಸುವುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ದೃಷ್ಟಾಂತ ನನಗೆ ಗೊತ್ತಿಲ್ಲ. ಆದರೆ ಇದರ ಬಲವಿರುವುದು ಚಿನ್ನದ ಗುಣದಲ್ಲಿ. ಕರಗಿಸಿದ ಚಿನ್ನ ಚಿನ್ನವಾಗಿಯೇ ಉಳಿಯುತ್ತದೆ, ಮತ್ತೆ ಕೊಡವಾಗಲೂಬಹುದು. ಉಜ್ಜಿ ಪುಡಿಯಾದ ತೇಗ ಮತ್ತೆ ಹಲಗೆಯಾಗುವುದಿಲ್ಲ. ಸೂತ್ರ ಇದರಿಂದ ಸುಳ್ಳಾಗದು. ಮರದ ದ್ರವ್ಯವೆಂಬುದು ಕೊನೆಯಲ್ಲಿ ಪುದ್ಗಲವೇ, ಅಂದರೆ ಜಡವಸ್ತುವೇ, ಪುಡಿಯೂ ಪುದ್ಗಲವೇ ಎಂದು ಜೈನ ತಾರ್ಕಿಕ ಉತ್ತರಿಸಬಲ್ಲ. ಆದರೆ ಆ ಉತ್ತರದಿಂದ ದೋಣಿಯ ಮುಂದೆ ನಿಂತವನಿಗೆ ದಾರಿ ಸಿಗುವುದಿಲ್ಲ. ಅವನ ಕೈಯಲ್ಲಿರುವುದು ಮುಗಿದುಹೋಗಬಲ್ಲ ನೆಲೆ, ಅಂದರೆ ಇಂತಿಷ್ಟೇ ದಪ್ಪವಿರುವ ಮರ.

ದಾರ್ಶನಿಕರ ವಾದಗಳಿಗಿಂತ ಎರಡು ನಿಜವಾದ ಹಡಗುಗಳು ಇಲ್ಲಿ ಹೆಚ್ಚು ಬೆಳಕು ಚೆಲ್ಲುತ್ತವೆ. ಅಮೆರಿಕದ ಯುದ್ಧನೌಕೆ ಕಾನ್‌ಸ್ಟಿಟ್ಯೂಷನ್ 1797ರಲ್ಲಿ ಬಾಸ್ಟನ್ನಿನಲ್ಲಿ ನೀರಿಗಿಳಿಯಿತು. ಓಕ್ ಮರದ ಆ ಹಡಗಿನಲ್ಲಿ ಇಂದು ಉಳಿದಿರುವ ಮೂಲ ಮರ ಶೇಕಡ 10–15ರಷ್ಟು ಎಂದು ಅಂದಾಜು; ಆದರೂ ಅದು ಇಂದಿಗೂ ನೌಕಾಪಡೆಯ ಸೇವೆಯಲ್ಲಿದೆ, 1997ರಲ್ಲಿ ಮತ್ತು 2012ರಲ್ಲಿ ಹಾಯಿ ಬಿಚ್ಚಿ ಸಾಗಿತು. ಟ್ರಿಂಕೊಮಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ಜಮ್ಸೆಟ್‌ಜಿ ಬೊಮನ್‌ಜಿ ವಾಡಿಯಾ ಮಲಬಾರಿನ ತೇಗದಿಂದ ಕಟ್ಟಿಸಿದ ಬ್ರಿಟಿಷ್ ಯುದ್ಧನೌಕೆ, 1817ರಲ್ಲಿ ನೀರಿಗಿಳಿಯಿತು. ಇವೆರಡಕ್ಕೂ ಒಂದು ವಿಚಿತ್ರ ನಂಟಿದೆ: ಟ್ರಿಂಕೊಮಲಿಯ ನಕ್ಷೆಗಳ ಪ್ರತಿಯನ್ನು ಹೊತ್ತು ಮುಂಬಯಿಗೆ ಬರುತ್ತಿದ್ದ ಜಾವಾ ಎಂಬ ಹಡಗನ್ನು 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ಕರಾವಳಿಯಾಚೆ ನಾಶ ಮಾಡಿದ್ದು ಇದೇ ಕಾನ್‌ಸ್ಟಿಟ್ಯೂಷನ್. ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ 2001ರ ಹೊತ್ತಿಗೆ ದುರಸ್ತಿ ಮುಗಿಸಿ ನಿಂತಿರುವ ಟ್ರಿಂಕೊಮಲಿಯ ಒಡಲಿನಲ್ಲಿ ಮೂಲ ತೇಗದ ಬಹುಪಾಲು ಉಳಿದಿದೆ, ಆದರೆ ಅದು ಕಡಲಿಗೆ ಹೋಗುವುದಿಲ್ಲ. ಗುರುತು ಮರದಲ್ಲಿದ್ದರೆ ಕಾನ್‌ಸ್ಟಿಟ್ಯೂಷನ್ ಎಂದೋ ಸತ್ತಿದೆ; ಗುರುತು ಕೆಲಸದಲ್ಲಿದ್ದರೆ ಟ್ರಿಂಕೊಮಲಿ ಸತ್ತಿದೆ. ಹೆಸರಿನಲ್ಲಿದೆ ಎನ್ನಲೂ ಆಗದು, ಏಕೆಂದರೆ 20ನೇ ಶತಮಾನದ ಬಹುಭಾಗ ಟ್ರಿಂಕೊಮಲಿಯನ್ನು ಫೂದ್ರೊಯಾನ್ ಎಂದು ಕರೆಯುತ್ತಿದ್ದರು, 1992ರಲ್ಲಷ್ಟೇ ಹಳೆಯ ಹೆಸರು ಮರಳಿತು. ಎರಡೂ ಜೀವಂತವೆಂದು ಒಪ್ಪುವುದಾದರೆ ಎರಡರಲ್ಲೂ ಸಮಾನವಾಗಿರುವುದು ಒಂದೇ: ಒಂದು ತಲೆಮಾರು ಇನ್ನೊಂದಕ್ಕೆ ಆ ಹಡಗನ್ನು ಒಪ್ಪಿಸುತ್ತ ಬಂದಿದೆ, ಪಡೆದವರು ಮುಂದಿನವರಿಗೆ ಒಪ್ಪಿಸುವಂತೆ ಇಟ್ಟುಕೊಂಡಿದ್ದಾರೆ. ಆ ಒಪ್ಪಿಸುವಿಕೆಯಲ್ಲಿಯೇ ಗುರುತಿದೆ ಎಂದು ನಾನು ತಿಳಿಯುತ್ತೇನೆ. ಹಾಗಿದ್ದರೆ ದುರಸ್ತಿಯ ಧರ್ಮವೂ ಅಲ್ಲಿಂದಲೇ ಹೊರಡಬೇಕು: ಮುಂದಿನವರಿಗೆ ಉಳಿಯುವ ಮರವೆಷ್ಟು ಎಂಬುದು ಈಗಿನ ಹೊಳಪಿಗಿಂತ ಮೊದಲಿನ ಪ್ರಶ್ನೆ.

ಇಲ್ಲಿ ಇಂಗ್ಲಿಷ್ ಕಲಾವಿಮರ್ಶಕ ರಸ್ಕಿನ್ ಅಡ್ಡ ಬರುತ್ತಾನೆ. ಕಟ್ಟಡವೊಂದಕ್ಕೆ ಒದಗಬಹುದಾದ ಅತಿ ಪೂರ್ಣ ನಾಶವೇ ಜೀರ್ಣೋದ್ಧಾರ ಎಂಬ ಅರ್ಥದ ಮಾತನ್ನು ಅವನು 1849ರಲ್ಲಿ ಆಡಿದ್ದ. ಅವನ ದಾರಿ ಹಿಡಿದರೆ ಬೂದುಬಣ್ಣ ದೋಣಿ ಬಾಳಿದ ಬಾಳಿನ ಸಾಕ್ಷಿ, ಮುಟ್ಟದೆ ಬಿಡಿ ಎನ್ನಬೇಕಾಗುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ, ಅದನ್ನು ಪೂರ್ತಿ ಒಪ್ಪುತ್ತೇನೆ: ತೇಗದ ಬೂದುಬಣ್ಣ ರೋಗವಲ್ಲ. ಒಳಗಿನ ಎಣ್ಣೆಯ ಬಲದಿಂದ ತೇಗದ ಡೆಕ್ಕು ಏನೂ ಬಳಿಯದೆಯೂ ದಶಕಗಟ್ಟಲೆ ಬಾಳುತ್ತದೆ. ಆದರೆ ಬೂದು ಬೇರೆ, ಕೊಳೆ ಬೇರೆ. ಕೊಳೆ ತರುವ ಶಿಲೀಂಧ್ರಕ್ಕೆ ಮರದಲ್ಲಿ ಶೇಕಡ 20ಕ್ಕಿಂತ ಹೆಚ್ಚು ತೇವ ಬೇಕು, ಅದಕ್ಕೆ ಒಗ್ಗುವುದು ಸಿಹಿನೀರು. ಕಡಲ ಉಪ್ಪು ಅದನ್ನು ತಡೆಯುತ್ತದೆ. 19ನೇ ಶತಮಾನದ ಹಡಗು ಕಟ್ಟುವವರು ಪಕ್ಕೆಗಳ ನಡುವೆ ಉಪ್ಪು ತುಂಬುತ್ತಿದ್ದುದು ಇದಕ್ಕೇ. ಮರದ ಹಡಗಿಗೆ ಮಳೆ ಕಡಲಿಗಿಂತ ದೊಡ್ಡ ಶತ್ರು, ಅದು ಮೇಲಿನಿಂದ, ಬಿರುಕಿನಲ್ಲಿ, ಮೊಳೆಯ ಕುಣಿಯಲ್ಲಿ ಇಳಿಯುತ್ತದೆ. ಮುಟ್ಟದೆ ಬಿಡಿ ಎಂಬ ಸಲಹೆ ಬಿರುಕಿಗೂ ಅನ್ವಯಿಸಿದರೆ ಅದು ಸಾಕ್ಷಿಯನ್ನೂ ಸಾಕ್ಷಿ ಹೊತ್ತ ಮರವನ್ನೂ ಒಟ್ಟಿಗೆ ಕಳೆಯುತ್ತದೆ. ವಿರುದ್ಧ ತುದಿಯ ಅಪಾಯವೂ ಅಷ್ಟೇ ನಿಜ. ಎಷ್ಟೋ ಹಾಯಿದೋಣಿಗಳ ಡೆಕ್ಕಿನ ತೇಗ ಸುಮಾರು 12 ಮಿಲಿಮೀಟರ್ ದಪ್ಪ; ಸ್ಕ್ರೂಗಳ ತಲೆಯನ್ನು ಪುಟ್ಟ ಮರದ ಬಿರಡೆಗಳು ಮುಚ್ಚಿರುತ್ತವೆ. ಬೂದು ಕಂಡಾಗಲೆಲ್ಲ ಉಜ್ಜುತ್ತ ಹೋದರೆ ಒಂದು ದಿನ ಬಿರಡೆ ತೆಳುವಾಗಿ ಕಳಚಿಕೊಳ್ಳುತ್ತದೆ, ಸ್ಕ್ರೂವಿನ ಗುಂಟ ಮಳೆನೀರು ಒಳಗಿಳಿಯುತ್ತದೆ. ಚೆಂದಕ್ಕಾಗಿ ಮಾಡಿದ ಕೆಲಸವೇ ಕೊಳೆಗೆ ಬಾಗಿಲು ತೆರೆಯುತ್ತದೆ. ಆದ್ದರಿಂದ ಡೆಕ್ಕನ್ನು ಬೂದಾಗಿಯೇ ಬಿಟ್ಟು, ಸಂದುಗಳನ್ನು ಮುಚ್ಚಿ, ಉಪ್ಪುನೀರಿನಲ್ಲಿ ಮೆತ್ತಗೆ ತೊಳೆಯುವವನು ರಸ್ಕಿನ್‌ಗಿಂತಲೂ ವಾರ್ನಿಶ್‌ಪ್ರಿಯನಿಗಿಂತಲೂ ಸರಿಯಾದ ದಾರಿಯಲ್ಲಿದ್ದಾನೆ. ವಾರ್ನಿಶ್ ಬೇಕಾದ ಕಡೆ ಹಳೆಯ ಪದರ ಗಟ್ಟಿಯಿರುವಾಗಲೇ ಅದರ ಮೇಲೆ ವರ್ಷವರ್ಷ ಒಂದೆರಡು ಕೈ ಬಳಿಯುವುದು ಜಾಣತನ, ಆಗ ಸವೆಯುವುದು ವಾರ್ನಿಶ್, ಮರವಲ್ಲ.

ಬೌದ್ಧರ ಆಕ್ಷೇಪ ಇನ್ನೂ ಆಳಕ್ಕೆ ಹೋಗುತ್ತದೆ. ರಥವೆಂಬುದು ಗಾಲಿಯೂ ಅಲ್ಲ, ಅಚ್ಚೂ ಅಲ್ಲ, ಬರೀ ವ್ಯವಹಾರದ ಹೆಸರು ಎಂದು ಭಿಕ್ಷು ನಾಗಸೇನ ಮಿಲಿಂದ ರಾಜನಿಗೆ ಹೇಳಿದ. ಹಡಗೂ ಹಾಗೆಯೇ ಆದರೆ, ಎಲ್ಲವೂ ಅನಿತ್ಯವಾದರೆ, ಈ ಕಾಳಜಿ ಆಸಕ್ತಿಯ ಇನ್ನೊಂದು ರೂಪವಲ್ಲವೇ? ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ಆದರೆ ವ್ಯವಹಾರದ ಹೆಸರು ಹೊಣೆಯಿಂದ ಬಿಡುಗಡೆ ಕೊಡುವುದಿಲ್ಲ. ಬಿರುಗಾಳಿಯಲ್ಲಿ ಕೈಕಂಬಿ ಹಿಡಿದವನ ಜೀವ ಆ ವ್ಯವಹಾರದ ಮೇಲೆಯೇ ನಿಂತಿದೆ. ಆಸಕ್ತಿಯ ಲಕ್ಷಣವೆಂದರೆ ವಸ್ತು ನನ್ನ ಕಣ್ಣಿಗೆ ಹೊಸದಾಗಿ ಕಾಣಲಿ ಎಂಬ ಹಟ. ಅನಿತ್ಯವನ್ನು ಬಲ್ಲವನು ಕಡಿಮೆ ಉಜ್ಜುತ್ತಾನೆ.

ಬದಲಿಸಲೇಬೇಕಾದ ಘಟ್ಟ ಬಂದಾಗ ನಷ್ಟವನ್ನು ನಷ್ಟವೆಂದೇ ಒಪ್ಪಬೇಕು. ಪುರಿಯ ದೇಗುಲದಲ್ಲಿ ಹಳೆಯ ವಿಗ್ರಹಗಳನ್ನು ಬದಲಿಸುವ ನವಕಳೇವರ ವಿಧಿ ನನಗೆ ಮುಖ್ಯವೆನಿಸುವುದು ಇದರಿಂದ. 2015ರಲ್ಲಿ ನಡೆದಂತೆ ಅಲ್ಲಿ ಬೇವಿನ ಮರದ ಹೊಸ ವಿಗ್ರಹಗಳು ಬಂದಾಗ ಹಳೆಯವನ್ನು ಸಮಾಧಿ ಮಾಡುತ್ತಾರೆ, ದೇವರ ಸೇವಕರಾದ ದೈತಾಪತಿಗಳು ಮನೆಯವರು ತೀರಿಕೊಂಡಂತೆ ಸೂತಕ ಆಚರಿಸುತ್ತಾರೆ. ದೇವರು ಮುಂದುವರಿದರೂ ಒಂದು ದೇಹ ಹೋಯಿತೆಂಬುದನ್ನು ಆ ಸಂಪ್ರದಾಯ ಮರೆಮಾಚುವುದಿಲ್ಲ. ಹಡಗಿನ ಹಲಗೆಗೆ ಸೂತಕ ಬೇಕಿಲ್ಲ, ಆದರೆ ಯಾವುದು ಹಳೆಯದು, ಯಾವುದು ಹೊಸತು ಎಂಬ ದಾಖಲೆ ಬೇಕು. ಹೊಸ ಮರ ಎಲ್ಲಿಂದ ಬರಬೇಕೆಂಬ ಯೋಚನೆಯೂ ಇದೇ ಹೊಣೆಯ ಭಾಗ. ಕಾನ್‌ಸ್ಟಿಟ್ಯೂಷನ್‌ನ ದುರಸ್ತಿಗೆಂದೇ ಅಮೆರಿಕದ ನೌಕಾಪಡೆ ಇಂಡಿಯಾನಾ ರಾಜ್ಯದ ಕ್ರೇನ್‌ನಲ್ಲಿ ಬಿಳಿ ಓಕ್ ಮರಗಳನ್ನು ಕಾಯ್ದಿಟ್ಟು ಬೆಳೆಸುತ್ತಿದೆ, 2015ರಲ್ಲಿ ಶುರುವಾದ ದುರಸ್ತಿಗೆ ಅಲ್ಲಿಯ ಮರವೇ ಒದಗಿತು. ಓಕ್ ಬಲಿಯಲು ಶತಮಾನವೇ ಬೇಕು. ಅಲ್ಲಿ ಈಗ ಎಳೆಯದಾಗಿರುವ ಮರ ಹಲಗೆಯಾಗಿ ಕೂರುವ ಹಡಗನ್ನು ಅದನ್ನು ಸಾಕುತ್ತಿರುವವರು ಯಾರೂ ನೋಡುವುದಿಲ್ಲ.