ಸಂಬಳವೂ ಇದೆ, ಬಡತನವೂ ಇದೆ

ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳಿಗೆ ತಿಂಗಳ ಸಂಬಳವಿದೆ, ಪಿಎಫ್, ಇಎಸ್‌ಐ ಇವೆ. ಊರಿನವರ ಲೆಕ್ಕದಲ್ಲಿ ಆಕೆ ದಡ ಸೇರಿದವಳು. ಆದರೆ ಸಂಬಳ ಬಿದ್ದ ವಾರದೊಳಗೆ ಮನೆ ಬಾಡಿಗೆ, ಸಂಘದ ಸಾಲದ ಕಂತು, ಮಗನ ಸ್ಕೂಲ್ ಫೀಸು, ಊರಲ್ಲಿರುವ ತಾಯಿಯ ಔಷಧಿ ಎಂದು ಹಣ ಕರಗುತ್ತದೆ. ತಿಂಗಳ ಕೊನೆಗೆ ದಿನಸಿ ಅಂಗಡಿಯಲ್ಲಿ ಮತ್ತೆ ಉದ್ರಿ.

ಇಡಿಗಂಟು ಎಂದು ಇಂಥವರ ಕೈಗೆ ಸಿಗುವುದು ಪಿಎಫ್ ಒಂದೇ. ಸಾಲ ತೀರಿಸಲೋ ಮಗಳ ಮದುವೆಗೋ ಅದನ್ನು ಪೂರ್ತಿ ತೆಗೆಯಲೆಂದು ಕೆಲಸವನ್ನೇ ಬಿಟ್ಟು, ಆಮೇಲೆ ಬೇರೆ ಫ್ಯಾಕ್ಟರಿಗೆ ಹೊಸಬರಾಗಿ ಸೇರಿದವರು ಬಹಳ. ಐದು ವರ್ಷ ತುಂಬುವ ಮೊದಲೇ ಬಿಟ್ಟವರಿಗೆ ಗ್ರಾಚ್ಯುಟಿಯೂ ಇಲ್ಲ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ 2016ರಲ್ಲಿ ಬಂದಾಗ, ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಹೊಸೂರು ರಸ್ತೆಗೆ ಇಳಿದದ್ದು ಸುಮ್ಮನೆ ಅಲ್ಲ. ಕೇಂದ್ರ ಸರ್ಕಾರ ನಿಯಮವನ್ನೇ ಹಿಂದಕ್ಕೆ ಪಡೆಯಿತು. ಸಂಬಳ ಮಾತ್ರ ಸಾಲದ್ದಾಗಿಯೇ ಉಳಿಯಿತು.

ಇನ್ನೊಂದು ವಿಚಿತ್ರ ನೋಡಿ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ಆದಾಯ ವರ್ಷಕ್ಕೆ 1.20 ಲಕ್ಷ ರೂಪಾಯಿ ಮೀರಬಾರದು. ಅಂದರೆ ತಿಂಗಳಿಗೆ 10 ಸಾವಿರ. ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಸರ್ಕಾರವೇ ಗೊತ್ತುಮಾಡಿದ ಕನಿಷ್ಠ ವೇತನ ಈ ಗೆರೆ ದಾಟಿದೆ. ಇದಕ್ಕಿಂತ ಕಡಿಮೆ ಕೊಡಕೂಡದು ಎನ್ನುವುದು ಒಂದು ಇಲಾಖೆ. ಇಷ್ಟು ಸಿಕ್ಕರೆ ನೀವು ಬಡವರೇ ಅಲ್ಲ ಎನ್ನುವುದು ಇನ್ನೊಂದು ಇಲಾಖೆ. ಗಂಡನೂ ದುಡಿಯುತ್ತಿದ್ದರೆ ಕೇಳುವುದೇ ಬೇಡ.

ಕನಿಷ್ಠ ಎಂದರೆ ಎಷ್ಟು ಎಂಬುದಕ್ಕೆ ನಮ್ಮಲ್ಲಿ ಅಳತೆಗೋಲು ಇಲ್ಲದಿಲ್ಲ. ಹೊಟ್ಟೆ ತುಂಬ ಊಟ, ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು, ದೀಪದ ಖರ್ಚು ಇವೆಲ್ಲ ಸೇರಬೇಕೆಂದು 1957ರಲ್ಲೇ ಭಾರತೀಯ ಕಾರ್ಮಿಕ ಸಮ್ಮೇಳನ ಹೇಳಿತ್ತು. ಮಕ್ಕಳ ಓದು, ಔಷಧಿ, ಮದುವೆ, ಮುಪ್ಪಿನ ಖರ್ಚೂ ಅದರಲ್ಲಿ ಸೇರಲೇಬೇಕೆಂದು ಸುಪ್ರೀಂ ಕೋರ್ಟ್ ಆಮೇಲೆ ತೀರ್ಪು ಕೊಟ್ಟಿತು.

ದುಡಿದರೆ ಬಡತನ ನೀಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಆ ಮಾತು ಸುಳ್ಳಾಗದಿರಬೇಕಾದರೆ ವೇತನವನ್ನು ಈ ಅಳತೆಗೋಲಿನಲ್ಲಿ, ಇವತ್ತಿನ ಬೆಲೆಗೆ ಗೊತ್ತುಮಾಡಬೇಕು. ಅಲ್ಲಿಯವರೆಗೆ ಬಿಪಿಎಲ್ ಗೆರೆಯಾದರೂ ಕನಿಷ್ಠ ವೇತನಕ್ಕಿಂತ ಮೇಲಿರಲಿ.